ಗರ್ಭಪಾತದ ಮಾತ್ರೆ ತಗೊಂಡು 15 ದಿನ, ಸ್ಕ್ಯಾನಿಂಗಲ್ಲಿ ‘13 ಮಿ.ಮೀ.’ ಅಂತ ಬಂದಿದೆ. ಡಿ ಅಂಡ್ ಸಿ (ಗರ್ಭಕೋಶ ಕೆರೆದು ಕ್ಲೀನ್ ಮಾಡೋದು) ಬೇಕೇ ಬೇಕಾ?

ತಿಪಟೂರಿನವಳು:
ಮಗನಿಗಿನ್ನೂ 11 ತಿಂಗಳು. ಮತ್ತೆ ಗರ್ಭ ನಿಂತು 7 ವಾರ ಆಗಿದ್ದಾಗ ಡಾಕ್ಟರ್ ಹತ್ರ ಹೋಗಿ ಮಾತ್ರೆ ತಗೊಂಡೆ. ಮೊದಲ ದಿನ ಮಿಫೆಪ್ರಿಸ್ಟೋನ್ ಒಂದು, ಮೂರನೇ ದಿನ ಮಿಸೊಪ್ರೊಸ್ಟಾಲ್ ನಾಲ್ಕು. ಅವತ್ತು ಮಧ್ಯಾಹ್ನ ಹೊಟ್ಟೆ ಹಿಂಡಿ ಗಡ್ಡೆಗಡ್ಡೆಯಾಗಿ ಹೋಯ್ತು. ಈಗ ದಿನಕ್ಕೊಂದು ಪ್ಯಾಡ್, ಅದೂ ಕಂದು ಬಣ್ಣ. ಜ್ವರ, ವಾಸನೆ ಏನೂ ಇಲ್ಲ. ನಿನ್ನೆ ಸ್ಕ್ಯಾನಿಂಗ್ ರಿಪೋರ್ಟಲ್ಲಿ ‘ಗರ್ಭದ ಚೀಲ ಕಾಣುತ್ತಿಲ್ಲ, ಎಂಡೊಮೆಟ್ರಿಯಂ (ಗರ್ಭಕೋಶದ ಒಳಪದರ) 13 ಮಿ.ಮೀ., ಆರ್‌ಪಿಒಸಿ (ಒಳಗೆ ಉಳಿದ ಗರ್ಭದ ಚೂರು) ಇರಬಹುದು’ ಅಂತ ಬರೆದು, ಕ್ಲೀನ್ ಮಾಡಿಸ್ಕೊಂಡುಬಿಡಿ ಅಂದ್ರು. ನಮ್ಮ ಡಾಕ್ಟರ್ ಸಿಗೋದು ಸೋಮವಾರ. ಅತ್ತೆಗೆ ವಿಷಯ ಗೊತ್ತಿಲ್ಲ. ರಾತ್ರಿಯೆಲ್ಲ ರಿಪೋರ್ಟ್ ಹಿಡ್ಕೊಂಡೇ ಕೂತಿದ್ದೆ.

ಹೆರಿಗೆ ವಾರ್ಡಿನ ಸಿಸ್ಟರ್:
ತಂಗಿ, ಮೊದಲು ಊಟ ಮಾಡಿ ಮಲಗು. 22 ವರ್ಷದಲ್ಲಿ ಇಂಥ ರಿಪೋರ್ಟ್ ಹಿಡ್ಕೊಂಡು ಅಳ್ತಾ ಬಂದವರನ್ನ ಎಷ್ಟೋ ಜನ ನೋಡಿದ್ದೀನಿ. ಚೀಲ ಹೋಗಿದೆ, ಅದೇ ಮುಖ್ಯ. ಉಳಿದ ರಕ್ತದ ಗಡ್ಡೆ, ಪದರದ ಚೂರುಗಳು ಸ್ಕ್ಯಾನಲ್ಲಿ ದಪ್ಪಗೆ, ಏರುಪೇರಾಗಿ ಕಾಣುತ್ವೆ. ಎರಡು ವಾರಕ್ಕೆ ಅದು ಸಹಜ. ದಪ್ಪ ಎಷ್ಟು ಅನ್ನೋದೊಂದನ್ನೇ ನೋಡಿ ಡಿ ಅಂಡ್ ಸಿ ಮಾಡಬಾರದು. ಹೆಂಗಸು ಹೇಗಿದ್ದಾಳೆ ಅಂತ ನೋಡಬೇಕು. ಹೆಚ್ಚಿನವರಿಗೆ ಮುಂದಿನ ಮುಟ್ಟಿನಲ್ಲಿ ತಾನಾಗೇ ಹೋಗುತ್ತೆ. ಸುಮ್ಮಸುಮ್ಮನೆ ಕೆರೆದರೆ ಗರ್ಭಕೋಶದ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳೋ ಅಪಾಯ ಇದೆ, ಇದನ್ನ ಯಾರೂ ಹೇಳಲ್ಲ ಅಂತಲೇ ನನಗೆ ಸಂಕಟ.

ಆದರೆ ಎರಡು ಗಂಟೆ ಸತತವಾಗಿ, ಗಂಟೆಗೆ ಎರಡೆರಡು ದೊಡ್ಡ ಪ್ಯಾಡ್ ತೊಯ್ದರೆ, ಚಳಿಜ್ವರ, ಕೆಟ್ಟ ವಾಸನೆ, ತಡೆಯಲಾಗದ ನೋವು, ತಲೆಸುತ್ತು ಬಂದರೆ ಸೋಮವಾರಕ್ಕೆ ಕಾಯಬೇಡ, ಅರ್ಧ ರಾತ್ರಿಯಾದ್ರೂ ಹೊರಡು. ಈಗಲೇ ಮನೆಯಲ್ಲಿ ಯೂರಿನ್ ಟೆಸ್ಟ್ ಮಾಡ್ಕೋಬೇಡ, ನಾಲ್ಕು ವಾರದವರೆಗೂ ಎರಡು ಗೆರೆ ತೋರಿಸಬಹುದು.

ದಾವಣಗೆರೆ ಅಕ್ಕ:
ನನಗೂ ಹಿಂಗೇ ಬರೆದಿದ್ರು, ಕಾಯ್ದೆ. ಮೂರನೇ ವಾರ ರಕ್ತ ಮತ್ತೆ ಜೋರಾಯ್ತು. ಅಲ್ಲಿ ಕೆರೆಯಲಿಲ್ಲ, ಸಣ್ಣ ನಳಿಗೆ ಹಾಕಿ ಎಳೆದು ತೆಗೆದ್ರು, ಸಂಜೆಗೇ ಮನೆಗೆ ಬಂದೆ. ಹಂಗಾಗಿ ರಾತ್ರಿ ಹೊತ್ತು ಕರ್ಕೊಂಡು ಹೋಗೋರು ಯಾರು ಅಂತ ಮೊದಲೇ ಗೊತ್ತು ಮಾಡ್ಕೋ.

ಹೆರಿಗೆ ವಾರ್ಡಿನ ಸಿಸ್ಟರ್:
ಹೌದು, ಬೇಕಾದಾಗ ಅದೇ ಒಳ್ಳೇ ದಾರಿ. ಇನ್ನೊಂದು ಮಾತು ತಂಗಿ: 18 ತುಂಬಿದವಳಿಗೆ ಅವಳ ಸಹಿ ಒಂದೇ ಸಾಕು, ಅತ್ತೆಯದಾಗಲಿ ಗಂಡನದಾಗಲಿ ಬೇಕಿಲ್ಲ. ಹೆಸರು ಗುಟ್ಟಾಗಿಡೋದು ಆಸ್ಪತ್ರೆಯ ಕರ್ತವ್ಯ, 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆದಾಗ ಅದನ್ನ ಇನ್ನೂ ಬಿಗಿ ಮಾಡಿದ್ದಾರೆ. ಮುಟ್ಟಿಗೆ ಮೊದಲೇ ಮತ್ತೆ ಗರ್ಭ ನಿಲ್ಲಬಹುದು, ಸೋಮವಾರ ಅದನ್ನೂ ಕೇಳು.

ತಿಪಟೂರಿನವಳು:
ಸಿಸ್ಟರ್, ಹೋಗಿಬಂದೆ. ಹೊಟ್ಟೆ ಒತ್ತಿ ನೋಡಿ, ರಕ್ತ ಎಷ್ಟು ಅಂತ ಕೇಳಿ, ಏನೂ ಬೇಡ ಅಂದ್ರು. ಮುಟ್ಟಾದ ಮೇಲೆ ಬರೋಕೆ ಹೇಳಿದ್ದಾರೆ. ನಿನ್ನೆ ರಾತ್ರಿ ಮಗನ ಪಕ್ಕ ನಿದ್ದೆ ಬಂತು.