ಫೋನೋ ಪ್ರೀಆಂಪಿನ ‘ಲೋಡ್’: ಭಾರವೋ, ಹೊರೆಯೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ನಮ್ಮ ಸೋದರಮಾವನ ಹತ್ತಿರ ಹಳೆಯ ಗ್ರಾಮಫೋನ್ ಪ್ಲೇಟುಗಳು ತುಂಬಾ ಇವೆ. ಈಚೆಗೆ ಟರ್ನ್‌ಟೇಬಲ್ಲಿಗೆ ಡೆನಾನ್ ಡಿಎಲ್-103 ಕಾರ್ಟ್ರಿಜ್ (ಮುಳ್ಳಿನ ಅಲುಗಾಟವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ಹಾಕಿಸಿದರು. ಆ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಫೋನೋ ಪ್ರೀಆಂಪನ್ನು ಅದಕ್ಕೆ ಹೊಂದಿಸುವ ಬಗೆಯನ್ನು ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ‘ಸದ್ದು ಚುಚ್ಚಿದರೆ ಭಾರ ಹೆಚ್ಚಿಸಿ’ ಅಂತ ಅದರಲ್ಲಿ ಒಂದು ಸಾಲು. ನಾನು ಹೇಳಿದ್ದು ಲೋಡ್, ಅಂದರೆ ಪ್ರೀಆಂಪು ಕಾರ್ಟ್ರಿಜ್ಜಿನಿಂದ ಎಳೆಯುವ ಕರೆಂಟಿನ ಬಗ್ಗೆ. ಮಾವ ಟೋನ್‌ಆರ್ಮಿನ ಹಿಂದಿರುವ ಗುಂಡು ತಿರುಗಿಸಿ, ಮುಳ್ಳಿನ ಭಾರವನ್ನು 2.5 ಗ್ರಾಂನಿಂದ 3.5ಕ್ಕೆ ಏರಿಸಿದ್ದರು. ಪ್ಲೇಟು ಸವೆಯುವ ಮಾತು ಇದು, ನನಗೆ ಗಾಬರಿಯೇ ಆಯಿತು.

ಸರಿ, ‘ಹೊರೆ ಹೆಚ್ಚಿಸಿ’ ಅಂತ ತಿದ್ದಿದೆ. ಈ ಸಲ ಮಾವ ಪ್ರೀಆಂಪನ್ನು ಮಗುಚಿ, ತಳದಲ್ಲಿರುವ ಅಕ್ಕಿಕಾಳಿನಷ್ಟು ಸಣ್ಣ ಬಿಳಿ ಸ್ವಿಚ್ಚುಗಳನ್ನು ಹಲ್ಲುಕಡ್ಡಿಯಿಂದ ಸರಿಸಿದರು. 100 ಓಮ್ ಇದ್ದದ್ದು 1,000 ಆಯಿತು. ತಾಳದ ಸದ್ದು ಇನ್ನೂ ಚುಚ್ಚತೊಡಗಿತು. ‘100ಕ್ಕಿಂತ 1,000 ಜಾಸ್ತಿ ಅಲ್ವೇನಪ್ಪಾ?’ ಅಂದರು. ಅವರು ಕೇಳಿದ್ದು ನ್ಯಾಯವೇ.

ತೊಡಕು ಇಲ್ಲೇ ಇದೆ. ಓಮ್ ಕಡಿಮೆಯಾದಷ್ಟೂ ಕಾರ್ಟ್ರಿಜ್ಜಿನ ಮೇಲೆ ಹೊರೆ ಜಾಸ್ತಿ. ಡಿಎಲ್-103ರ ಸುರುಳಿಗೆ 40 ಓಮ್ ತನ್ನದೇ ರೋಧ ಇದೆ. ಪ್ರೀಆಂಪನ್ನು 100 ಓಮ್‌ಗೆ ಇಟ್ಟರೆ, ಕಾರ್ಟ್ರಿಜ್ ಹುಟ್ಟಿಸುವ 0.3 ಮಿಲಿವೋಲ್ಟ್‌ನಲ್ಲಿ ನೂರಕ್ಕೆ ಸುಮಾರು 71 ಪಾಲು ಮಾತ್ರ ಪ್ರೀಆಂಪಿಗೆ ಸಿಗುತ್ತದೆ. 1,000ಕ್ಕೆ ಇಟ್ಟರೆ 96 ಪಾಲು.

ನಮ್ಮ ಹಳ್ಳಿಗಳಲ್ಲಿ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ‘ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಲೋಡ್ ಜಾಸ್ತಿ ಬಿದ್ದಿದೆ, ಬಲ್ಬು ಮಂಕಾಗಿದೆ’ ಅಂತಾರೆ. ಒಂದೊಂದು ಪಂಪ್‌ಸೆಟ್ ಸೇರಿದಾಗಲೂ ಒಟ್ಟು ಓಮ್ ಇಳಿಯುತ್ತದೆ, ಲೋಡ್ ಏರುತ್ತದೆ. ಅಲ್ಲಿ ಯಾರೂ ಓಮ್ ಎಣಿಸುವುದಿಲ್ಲ, ಅದಕ್ಕೇ ಗೊಂದಲವೂ ಇಲ್ಲ.

ಎಂಎಂ (ಸುರುಳಿಯ ಬದಲು ಅಯಸ್ಕಾಂತ ಅಲುಗುವ ಬಗೆಯ) ಕಾರ್ಟ್ರಿಜ್‌ಗೆ ಬಂದರೆ ಮಾತು ತಿರುವುಮುರುವಾಗುತ್ತದೆ. ಅಲ್ಲಿ 47,000 ಓಮ್ ಸಾಮಾನ್ಯವಾಗಿ ಕದಲುವುದಿಲ್ಲ. ಬದಲಾಯಿಸುವುದು ಕೆಪಾಸಿಟೆನ್ಸನ್ನು, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಪ್ರಮಾಣವನ್ನು. ಆರ್ಟೋಫೋನ್ 2ಎಂ ರೆಡ್‌ಗೆ 150ರಿಂದ 300 ಪಿಕೋಫ್ಯಾರಡ್ ಸಾಕು, ಕೇಬಲ್ಲಿನದ್ದೂ ಸೇರಿ. ಇಲ್ಲಿ ಅಂಕಿ ಏರಿದರೆ ಹೊರೆಯೂ ಏರುತ್ತದೆ! ಎರಡಕ್ಕೂ ಲೋಡ್ ಅಂತಲೇ ಹೆಸರು.

ಗೇನ್, ಅಂದರೆ ಸಿಗ್ನಲನ್ನು ಎಷ್ಟು ಹಿಗ್ಗಿಸುವುದು ಅನ್ನುವುದರ ಬಗ್ಗೆ ನನಗೆ ತಕರಾರಿಲ್ಲ. ಎಂಎಂಗೆ 40 ಡೆಸಿಬಲ್ ಅಂದರೆ ನೂರು ಪಟ್ಟು, ಡಿಎಲ್-103ರಂಥ ಎಂಸಿಗೆ (ಸುರುಳಿ ಅಲುಗುವ ಬಗೆ) 60 ಅಂದರೆ ಸಾವಿರ ಪಟ್ಟು. ‘ಪಟ್ಟು’ ಅಂದರೆ ಎಲ್ಲರಿಗೂ ತಿಳಿಯುತ್ತದೆ.

ನನಗೆ ತೋಚಿದ್ದು ಇಷ್ಟು. ಗ್ರಾಂನಲ್ಲಿ ಅಳೆಯುವುದಕ್ಕೆ ‘ಮುಳ್ಳಿನ ಭಾರ’ ಇರಲಿ. ಲೋಡ್‌ಗೆ ‘ಹೊರೆ’ ಅನ್ನೋಣ, ಆದರೆ ‘ಹೊರೆ ಹೆಚ್ಚಿಸಿ’ ಅಂತ ಬರೆಯದೆ ‘ಹೊರೆಯ ಓಮ್ ಇಳಿಸಿ’ ಅಂತ ಅಂಕಿಯನ್ನೇ ಹೇಳೋಣ. ಇದು ಕಿವಿಗೆ ಒಗ್ಗುತ್ತದೆಯೇ? ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡುವವರು ನಿಮ್ಮಲ್ಲಿದ್ದರೆ ಕೇಳುತ್ತೇನೆ: ಅಂಗಡಿಯಲ್ಲಿ ಇದಕ್ಕೆ ‘ಲೋಡ್ ಕೊಡೋದು’ ಅಂತೀರಾ, ಬೇರೆ ಮಾತಿದೆಯಾ?