ಐಇ 4 ಕಾಲದ ಇಒಟಿ ಫಾಂಟ್ ಬಳಸಿದ ಕನ್ನಡ ಪುಟಗಳು: ಈಗ ಓದುವುದು, ಯೂನಿಕೋಡ್ ಮಾಡುವುದು ಹೇಗೆ?

ಕಡತದಕಪಾಟು ಕೇಳಿದ್ದು:

ಒಂದು ಸಾಹಿತ್ಯ ಪತ್ರಿಕೆಯ ಹಳೇ ಜಾಲತಾಣದ ಇಡೀ ಫೋಲ್ಡರ್ ಕೈಗೆ ಬಂದಿದೆ. 2001ರಿಂದ 2005ರವರೆಗಿನ ಎಚ್‌ಟಿಎಂಎಲ್ ಪುಟಗಳು, ಜೊತೆಗೆ ಎರಡು ಇಒಟಿ ಫೈಲು (ಪುಟದ ಜೊತೆ ಇಳಿಯುವ ಫಾಂಟ್), ಒಂದು ಪಿಎಫ್‌ಆರ್ ಫೈಲು. ಮೂಲ ಟಿಟಿಎಫ್ (ಗಣಕದಲ್ಲಿ ಹಾಕಿಕೊಳ್ಳುವ ಸಾಮಾನ್ಯ ಫಾಂಟ್ ಫೈಲು) ಎಲ್ಲೂ ಇಲ್ಲ. ಆ ಡೊಮೇನ್ ಯಾವತ್ತೋ ಹೋಗಿದೆ.

ಕ್ರೋಮ್‌ನಲ್ಲಿ ತೆರೆದರೆ ಕೆಲವು ಪುಟಗಳು ತಲೆಯ ಮೇಲೆ ಗೆರೆ, ಚುಕ್ಕಿ ಇರುವ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕೆಲವು ಪುಟಗಳಲ್ಲಿ ಅರ್ಧ ಇಂಗ್ಲಿಷ್, ಅರ್ಧ ಖಾಲಿ ಚೌಕ. ಎಡ್ಜ್‌ನ ಐಇ ಮೋಡ್‌ನಲ್ಲೂ (ಹಳೇ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಂತೆ ಪುಟ ತೋರಿಸುವ ಏರ್ಪಾಡು) ಇದೇ ಕಥೆ.

ಕೇಳಬೇಕಾದ್ದು ಮೂರು. ಐಇ ಮೋಡ್‌ನಲ್ಲೂ ಯಾಕೆ ಬರುತ್ತಿಲ್ಲ? ಇಒಟಿಯಿಂದ ಫಾಂಟ್ ಹೊರತೆಗೆಯಬಹುದೆ? ಯೂನಿಕೋಡ್‌ಗೆ ತರುವಾಗ ಎಲ್ಲಿ ಎಡವುತ್ತೇವೆ?

---

ಟ್ರೈಡೆಂಟ್_ತಾತ ಉತ್ತರ:

ಮೊದಲು ಇದರ ಹಿನ್ನೆಲೆ, ಯಾಕೆಂದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಪುಟದ ಜೊತೆಗೇ ಫಾಂಟನ್ನೂ ಇಳಿಸಿಕೊಳ್ಳುವ ವ್ಯವಸ್ಥೆ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಬಂದದ್ದು 1997ರ 4ನೇ ಆವೃತ್ತಿಯಲ್ಲಿ. ಫಾಂಟನ್ನು ಮೈಕ್ರೋಸಾಫ್ಟ್‌ನ ವೆಫ್ಟ್ ಎಂಬ ಸಾಧನದಲ್ಲಿ ಹಾಯಿಸಿ ಇಒಟಿ ಮಾಡಿ, ಸಿಎಸ್ಎಸ್‌ನಲ್ಲಿ ಫಾಂಟ್-ಫೇಸ್ ನಿಯಮ ಬರೆದರೆ ಆಯಿತು. ಅದೇ ಹೊತ್ತಿಗೆ ನೆಟ್‌ಸ್ಕೇಪ್ 4 ಬಿಟ್‌ಸ್ಟ್ರೀಮ್‌ನ ಟ್ರೂಡಾಕ್ ತಂತ್ರ ಹಿಡಿಯಿತು. ನಿಮ್ಮಲ್ಲಿರುವ ಪಿಎಫ್‌ಆರ್ ಅದರದ್ದೇ. ನೆಟ್‌ಸ್ಕೇಪ್ 6ಕ್ಕೆ ಅದು ಮುಂದುವರಿಯಲಿಲ್ಲ, ಆ ಫೈಲನ್ನು ಪಕ್ಕಕ್ಕಿಡಿ.

ಕನ್ನಡದವರಿಗೆ ಇದು ವರವಾಗಿತ್ತು. ವಿಂಡೋಸ್ 98ರಲ್ಲಿ ಕನ್ನಡ ಯೂನಿಕೋಡ್ ಕೂಡಿಸಿ ತೋರಿಸುವ ಏರ್ಪಾಡು ಇರಲಿಲ್ಲ. ತುಂಗಾ ಫಾಂಟ್ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲೂ ಪ್ರಾದೇಶಿಕ ಸೆಟ್ಟಿಂಗ್‌ಗೆ ಹೋಗಿ ಸಂಕೀರ್ಣ ಲಿಪಿಗಳ ಫೈಲುಗಳನ್ನು ಹಾಕಿಕೊಳ್ಳಬೇಕಿತ್ತು. ಇಒಟಿ ಇದ್ದರೆ ಓದುಗ ಏನನ್ನೂ ಹಾಕಿಕೊಳ್ಳುವ ಗೋಜಿರಲಿಲ್ಲ. ಆದರೆ ಪುಟದಲ್ಲಿ ಇದ್ದದ್ದು ಕನ್ನಡವಲ್ಲ, ಇಂಗ್ಲಿಷ್ ಸಂಕೇತಗಳ ಮೇಲೆ ಕೂರಿಸಿದ ಕನ್ನಡ ಚೂರುಗಳು. ಫಾಂಟ್ ಕಳಚಿತೋ, ಉಳಿಯುವುದು ನೀವು ನೋಡುತ್ತಿರುವ ಗೀಚು.

ಐಇ ಮೋಡ್‌ನಲ್ಲಿ ಬಾರದಿರಲು ಕಾರಣ: ವೆಫ್ಟ್‌ನಲ್ಲಿ ಇಒಟಿ ಮಾಡುವಾಗ ಯಾವ ತಾಣಕ್ಕೆ ಈ ಫಾಂಟ್ ಎಂದು ವಿಳಾಸ ಕಟ್ಟಿಹಾಕುತ್ತಿದ್ದರು. ಇದಕ್ಕೆ ರೂಟ್‌ಸ್ಟ್ರಿಂಗ್ ಎನ್ನುತ್ತಾರೆ. ಪುಟ ಆ ವಿಳಾಸದಿಂದ ಬರದಿದ್ದರೆ ಐಇ ಫಾಂಟನ್ನು ಮುಟ್ಟುವುದೇ ಇಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಫೋಲ್ಡರಿನಿಂದ ನೇರ ತೆರೆದರೂ, ಆರ್ಕೈವ್ ತಾಣದಿಂದ ತೆರೆದರೂ ಅಷ್ಟೆ.

ದಾರಿ ಹೀಗೆ. ಇಒಟಿ ಫೈಲನ್ನು ಹೆಕ್ಸ್ ಎಡಿಟರ್‌ನಲ್ಲಿ ತೆರೆಯಿರಿ. ಮೊದಲ ಕೆಲವು ನೂರು ಬೈಟುಗಳಲ್ಲೇ ಫಾಂಟ್ ಹೆಸರಿನ ಹಿಂದೆಮುಂದೆ ತಾಣದ ವಿಳಾಸ ಕಣ್ಣಿಗೆ ಬೀಳುತ್ತದೆ. ಪ್ರತಿ ಅಕ್ಷರದ ನಡುವೆ ಒಂದು ಸೊನ್ನೆ ಬೈಟ್ ಇರುತ್ತದೆ. ವಿಂಡೋಸ್‌ನ ಹೋಸ್ಟ್ಸ್ ಫೈಲಿನಲ್ಲಿ ಆ ಡೊಮೇನನ್ನು 127.0.0.1ಕ್ಕೆ, ಅಂದರೆ ನಿಮ್ಮದೇ ಗಣಕಕ್ಕೆ, ತಿರುಗಿಸಿ. ಯಾವುದಾದರೂ ಸಣ್ಣ ವೆಬ್ ಸರ್ವರ್ ಹಾಕಿ, ಪೋರ್ಟ್ 80ರಲ್ಲಿ, ಎಚ್‌ಟಿಟಿಪಿಎಸ್ ಅಲ್ಲದ ಬರೀ ಎಚ್‌ಟಿಟಿಪಿಯಲ್ಲಿ ಆ ಫೋಲ್ಡರನ್ನು ಬಡಿಸಿ. ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇರುವ, ಇಲ್ಲದಿರುವ ಎರಡೂ ರೂಪಗಳನ್ನು ಹೋಸ್ಟ್ಸ್‌ಗೆ ಸೇರಿಸಿ. ಎಡ್ಜ್‌ನಲ್ಲಿ ಸೆಟ್ಟಿಂಗ್ಸ್, ಡೀಫಾಲ್ಟ್ ಬ್ರೌಸರ್‌ಗೆ ಹೋಗಿ ಐಇ ಮೋಡ್‌ಗೆ ಅನುಮತಿ ಕೊಟ್ಟು ಪುಟವನ್ನು ಆ ಮೋಡ್‌ನಲ್ಲಿ ರೀಲೋಡ್ ಮಾಡಿ. ಆಗಲೂ ಬರದಿದ್ದರೆ ಇಂಟರ್ನೆಟ್ ಆಪ್ಷನ್ಸ್‌ನ ಸೆಕ್ಯೂರಿಟಿ ಭಾಗದಲ್ಲಿ ಫಾಂಟ್ ಡೌನ್‌ಲೋಡ್ ಚಾಲೂ ಇದೆಯೇ ನೋಡಿ.

ಪುಟ ಸರಿಯಾಗಿ ಕಂಡ ಕೂಡಲೇ ಒಂದಿಪ್ಪತ್ತು ಪುಟ ಪಿಡಿಎಫ್ ಆಗಿ ಮುದ್ರಿಸಿಟ್ಟುಕೊಳ್ಳಿ. ಆಮೇಲೆ ಕರಡು ತಿದ್ದಲು ಅದೇ ಮೂಲಪ್ರತಿ. ಮುಗಿದ ಮೇಲೆ ಹೋಸ್ಟ್ಸ್ ಸಾಲು ಅಳಿಸುವುದು ಮರೆಯಬೇಡಿ.

---

ಬೈಟುಬಸಪ್ಪ ಉತ್ತರ:

ತಾತನವರು ಹೇಳಿದ್ದು ಸರಿ. ಎರಡನೇ ಪ್ರಶ್ನೆ ನನಗಿರಲಿ.

ಇಒಟಿ ಎಂದರೆ ಟಿಟಿಎಫ್‌ಗೆ ಮುಂದೊಂದು ತಲೆಬರಹ ಅಂಟಿಸಿದ್ದು, ಅಷ್ಟೇ. ಎಣಿಕೆ ಸೊನ್ನೆಯಿಂದ ಶುರು ಮಾಡಿ, ಚಿಕ್ಕ ಬೈಟು ಮೊದಲು ಬರುವ ಕ್ರಮದಲ್ಲಿ ಓದಿ. 0–3 ಇಡೀ ಫೈಲಿನ ಗಾತ್ರ, 4–7 ಒಳಗಿನ ಫಾಂಟಿನ ಗಾತ್ರ, 8–11 ಆವೃತ್ತಿ, 12–15 ಫ್ಲ್ಯಾಗುಗಳು. 34 ಮತ್ತು 35ನೇ ಬೈಟುಗಳಲ್ಲಿ ಇಂಗ್ಲಿಷಿನ ಎಲ್, ಪಿ ಅಕ್ಷರ ಇರಲೇಬೇಕು. ಇಲ್ಲದಿದ್ದರೆ ಅದು ಇಒಟಿ ಅಲ್ಲ, ಇಲ್ಲವೇ ನಕಲು ಮಾಡುವಾಗ ಕೆಟ್ಟಿದೆ. ಹಳೇ ಎಫ್‌ಟಿಪಿಯಲ್ಲಿ ಟೆಕ್ಸ್ಟ್ ಮೋಡ್‌ನಲ್ಲಿ ಇಳಿಸಿದ ಫೈಲುಗಳಿಗೆ ಇದೇ ಗತಿ. 0–3ರಲ್ಲಿರುವ ಗಾತ್ರಕ್ಕೂ ಡಿಸ್ಕಿನಲ್ಲಿರುವ ಗಾತ್ರಕ್ಕೂ ತಾಳೆಯಾಗುತ್ತದೆಯೇ ಎಂದು ಮೊದಲೇ ನೋಡಿ.

12ನೇ ಬೈಟಿನಲ್ಲಿ 01 ಇದ್ದರೆ ಫಾಂಟಿನಿಂದ ಬೇಕಾದ ಅಕ್ಷರಗಳನ್ನಷ್ಟೇ ಆರಿಸಿಟ್ಟಿದ್ದಾರೆ. 04 ಇದ್ದರೆ ಎಂಟಿಎಕ್ಸ್ ಎಂಬ ಕ್ರಮದಲ್ಲಿ ಒತ್ತಿ ಗಾತ್ರ ಇಳಿಸಿದ್ದಾರೆ. ಎರಡೂ ಇದ್ದರೆ 05. 15ನೇ ಬೈಟಿನಲ್ಲಿ ಹೆಕ್ಸ್ 10 ಇದ್ದರೆ ಪ್ರತಿ ಬೈಟನ್ನೂ ಹೆಕ್ಸ್ 50ರ ಜೊತೆ ಎಕ್ಸಾರ್ (ಬಿಟ್‌ಗಳನ್ನು ಹೋಲಿಸಿ ಬದಲಿಸುವ ಲೆಕ್ಕ, ಮತ್ತೊಮ್ಮೆ ಮಾಡಿದರೆ ಮೂಲ ಬರುತ್ತದೆ) ಮಾಡಿದ್ದಾರೆ. ಗೂಢಲಿಪಿ ಅಂತ ಹೆಸರು, ಬೀಗವೇನೂ ಅಲ್ಲ.

ಒತ್ತಿಲ್ಲದಿದ್ದರೆ ಕೆಲಸ ಸುಲಭ. ಫೈಲಿನ ಕೊನೆಯಿಂದ, 4–7ರಲ್ಲಿ ಹೇಳಿದಷ್ಟು ಬೈಟು ಕತ್ತರಿಸಿಕೊಳ್ಳಿ. ಆ ತುಂಡು 00 01 00 00 ಎಂದು ಶುರುವಾದರೆ ಅದೇ ಟಿಟಿಎಫ್. 50 51 50 50 ಎಂದು ಶುರುವಾದರೆ ಎಕ್ಸಾರ್ ಬಿಡಿಸಿ. ವೆಫ್ಟ್‌ನಿಂದ ಬಂದವುಗಳಲ್ಲಿ ಸಾಮಾನ್ಯವಾಗಿ ಒತ್ತಿರುವುದೂ ಇರುತ್ತದೆ. ಆಗ ಮೊದಲು ಎಕ್ಸಾರ್, ಆಮೇಲೆ ಎಂಟಿಎಕ್ಸ್ ಬಿಚ್ಚಬೇಕು. ಇದನ್ನು ಕೈಯಲ್ಲಿ ಮಾಡಲು ಹೋಗಬೇಡಿ, ಲಿಬ್‌ಇಒಟಿ ಎಂಬ ಮುಕ್ತ ತಂತ್ರಾಂಶ ಎರಡನ್ನೂ ಒಟ್ಟಿಗೆ ಮಾಡಿ ಟಿಟಿಎಫ್ ಕೊಡುತ್ತದೆ.

ಬಂದ ಟಿಟಿಎಫ್ ಅನ್ನು ವಿಂಡೋಸ್ ಹಾಕಿಕೊಳ್ಳಲು ಒಪ್ಪದಿದ್ದರೆ ಗಾಬರಿ ಬೇಡ, ಆರಿಸಿಟ್ಟ ಫಾಂಟುಗಳಲ್ಲಿ ಕೆಲವು ಕೋಷ್ಟಕಗಳು ಅರೆಬರೆ ಇರುತ್ತವೆ. ಫಾಂಟ್‌ಫೋರ್ಜ್ ಎಂಬ ಫಾಂಟ್ ಸಂಪಾದಕದಲ್ಲಿ ತೆರೆದು ಯಾವ ಸಂಕೇತದಲ್ಲಿ ಯಾವ ಚೂರು ಕೂತಿದೆ ಎಂದು ನೋಡುವುದಷ್ಟೇ ನಮಗೆ ಬೇಕಾದ್ದು.

ಮತ್ತೊಂದು. ಈ ಫಾಂಟುಗಳಲ್ಲಿ ಹೆಚ್ಚಿನವು ಪರವಾನಗಿ ಇರುವಂಥವು. ಹೊರತೆಗೆದದ್ದನ್ನು ಓದಲು, ಕೋಷ್ಟಕ ಮಾಡಲು ಬಳಸಿ. ಹಂಚಲು ಹೋಗಬೇಡಿ.

---

ವೂಫ್_ವೀರ ಉತ್ತರ:

ಇಷ್ಟೆಲ್ಲ ಯಾಕೆ ಸಾರ್? ಟಿಟಿಎಫ್ ಸಿಕ್ಕ ಮೇಲೆ ಅದನ್ನು ವೂಫ್2 (ಈಗಿನ ವೆಬ್ ಫಾಂಟ್ ರೂಪ) ಮಾಡಿ ಫಾಂಟ್-ಫೇಸ್‌ನಲ್ಲಿ ಹಾಕಿಬಿಡಿ. ಕ್ರೋಮ್, ಫೈರ್‌ಫಾಕ್ಸ್ ಎಲ್ಲದರಲ್ಲೂ ಕಾಣುತ್ತದೆ. ಒಂದು ಸಂಜೆಯ ಕೆಲಸ.

---

ಒತ್ತಕ್ಷರ ಉತ್ತರ:

ವೀರ ಅವರೇ, ಕಾಣುತ್ತದೆ, ಆದರೆ ಹುಡುಕಿದರೆ ಸಿಗುವುದಿಲ್ಲ, ನಕಲಿಸಿದರೆ ಗೀಚು ಬರುತ್ತದೆ, ತೆರೆ ಓದುವ ತಂತ್ರಾಂಶ ‘ಪಿ, ಎ’ ಎಂದು ಓದುತ್ತದೆ. 1997ರ ಸಮಸ್ಯೆಯನ್ನೇ ಹೊಸ ಡಬ್ಬಿಗೆ ತುಂಬಿದಂತೆ. ಅಲ್ಲದೆ ಪ್ರಶ್ನೆಯಲ್ಲಿ ‘ಖಾಲಿ ಚೌಕ’ ಎಂದಿದ್ದಾರೆ ನೋಡಿ. ಆ ಪುಟಗಳ ಮೆಟಾ ಸಾಲಿನಲ್ಲಿ ‘ಎಕ್ಸ್-ಯೂಸರ್-ಡಿಫೈನ್ಡ್’ ಎಂದಿರುತ್ತದೆ. ಈಗಿನ ಬ್ರೌಸರ್‌ಗಳು ಅಂಥ ಪುಟದಲ್ಲಿ 128ರಿಂದ ಮೇಲಿನ ಬೈಟುಗಳನ್ನೆಲ್ಲ ಯೂನಿಕೋಡ್‌ನ ಖಾಸಗಿ ಬಳಕೆಯ ಜಾಗಕ್ಕೆ ಕಳಿಸುತ್ತವೆ. ಅಲ್ಲಿ ನಿಮ್ಮ ವೂಫ್2 ಫಾಂಟಿಗೆ ಅಕ್ಷರವೇ ಇರುವುದಿಲ್ಲ. ವಿಂಡೋಸ್-1252 ಎಂದು ತಿದ್ದಿದರೆ ಮಾತ್ರ ಕಾಣುತ್ತದೆ. ಇನ್ನು ಸರ್ವರ್ ತಾನಾಗಿ ಯುಟಿಎಫ್-8 ಎಂಬ ಹೆಡರ್ ಕಳಿಸಿದರೆ ಮೆಟಾ ಸಾಲಿಗೆ ಕಿಮ್ಮತ್ತಿಲ್ಲ, ಇಡೀ ಪುಟ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಆ ಸ್ಥಿತಿಯಲ್ಲಿ ಯಾರಾದರೂ ‘ಸೇವ್’ ಒತ್ತಿದರೆ ಮೂಲ ಹೋಯಿತು, ಮತ್ತೆ ಬಾರದು. ಆದ್ದರಿಂದ ಮೂಲ ಫೋಲ್ಡರನ್ನು ಓದಲು ಮಾತ್ರ ಎಂದು ಬೀಗ ಹಾಕಿ, ನಕಲಿನ ಮೇಲೆ ಕೆಲಸ ಮಾಡಿ.

ಈಗ ಮೂರನೇ ಪ್ರಶ್ನೆ. ನಿಮ್ಮ ಫಾಂಟ್ ನುಡಿ (ಕನ್ನಡ ಬರಹದ ತಂತ್ರಾಂಶ) ಕ್ರಮದ್ದೇ ಎಂದು ಮೊದಲು ಪರೀಕ್ಷಿಸಿ: ‘ಕನ್ನಡ’ ಪದದ ಬೈಟುಗಳು 80, 192, 163, 192, 223, 113, 192 ಆಗಿದ್ದರೆ ಹೌದು. ಆಗ ಸಿದ್ಧ ಪರಿವರ್ತಕಗಳು ಬಹುಪಾಲು ಕೆಲಸ ಮಾಡಿಕೊಡುತ್ತವೆ. ಅಲ್ಲದಿದ್ದರೆ ಫಾಂಟ್‌ಫೋರ್ಜ್ ನೋಡಿಕೊಂಡು ಸ್ವಂತ ಕೋಷ್ಟಕ ಬರೆಯಬೇಕು. ಎರಡರಲ್ಲೂ ಎಡವುವ ಜಾಗಗಳು ಒಂದೇ, ನುಡಿಯ ಸಂಖ್ಯೆಗಳಲ್ಲೇ ಹೇಳುತ್ತೇನೆ.

ಉದ್ದದ ಸರಣಿಯನ್ನು ಮೊದಲು ಹಿಡಿಯಬೇಕು. ‘ವ’ ಎಂದರೆ 170, 192. ‘ಮ’ ಎಂದರೆ 170, 192, 196. ಆದರೆ ಒಂಟಿ 196 ಎಂದರೆ ಉಕಾರದ ಕೊಂಬು. ಚಿಕ್ಕದನ್ನು ಮೊದಲು ಬದಲಿಸಿದಿರೋ, ‘ಮನೆ’ ಹೋಗಿ ‘ವುನೆ’ ಆಗುತ್ತದೆ. ನಿಜವಾದ ‘ವು’ಗೆ ಬೇರೆಯೇ ಕೊಂಬು, 197. ‘ಯ’ ಇನ್ನೂ ತಂಟೆ: 65, 105, 192, 196. ಅದರಲ್ಲಿ ಮೊದಲ 65 ಒಂಟಿಯಾಗಿ ಬಂದರೆ ಅನುಸ್ವಾರ. ಪರಿವರ್ತಿತ ಪಠ್ಯದಲ್ಲಿ ಎಲ್ಲೆಂದರಲ್ಲಿ ಅನಾಥ ಸೊನ್ನೆಗಳು ಕಂಡರೆ ‘ಯ’ ಒಡೆದಿದೆ ಎಂದೇ ತಿಳಿಯಿರಿ.

ಆಮೇಲೆ ಕ್ರಮ. ಇಂಥ ಗ್ಲಿಫ್ (ಅಕ್ಷರದ ಚೂರು) ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮ, ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ. ‘ನ್ನಿ’ ಅಲ್ಲಿ ‘ನಿ’ (164), ಆಮೇಲೆ ನಕಾರದ ಒತ್ತು (223). ಇಲ್ಲಿ ನ, ವಿರಾಮ, ನ, ಕೊನೆಗೆ ಗುಡಿಸು. ಅಂದರೆ ಸ್ವರಚಿಹ್ನೆಯನ್ನು ಒತ್ತುಗಳೆಲ್ಲ ಮುಗಿದ ಮೇಲಕ್ಕೆ ದಾಟಿಸಬೇಕು. ಅರ್ಕಾವತ್ತು (240) ಇದರ ತದ್ವಿರುದ್ಧ: ‘ಧರ್ಮ’ದಲ್ಲಿ ಅದು ‘ಮ’ ಆದ ಮೇಲೆ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ‘ಮ’ಗಿಂತ ಮುಂಚೆ ರ್ ಆಗಿ ಬರಬೇಕು. ಹಿಂದಿನ ಒಂದು ಅಕ್ಷರ ದಾಟಿಸಿದರೆ ಸಾಲದು. ‘ಅರ್ಘ್ಯ’, ‘ಮೂರ್ತಿ’ ಹಾಕಿ ನೋಡಿ. ಒತ್ತು, ಗುಣಿತ ಸಮೇತ ಇಡೀ ಅಕ್ಷರಗುಚ್ಛದ ಹಿಂದಕ್ಕೆ ಹೋಗಬೇಕು.

ಸಿದ್ಧ ಪರಿವರ್ತಕಗಳೂ ಮುಗ್ಗರಿಸುವ ಜಾಗ ಇದು: ‘ಬ್ರೌಸರ್‌ನ’ ಎಂಬಲ್ಲಿ ಮೂಲದಲ್ಲಿ ರ್ (103, 239), ಆಮೇಲೆ ಬಿಡಿ ನ. ಹಾಗೇ ಜೋಡಿಸಿದರೆ ‘ಬ್ರೌಸರ್ನ’ ಆಗಿ ಅರ್ಕಾವತ್ತು ಎದ್ದುಬರುತ್ತದೆ. 239 ಆದ ಮೇಲೆ ವ್ಯಂಜನ ಬಂದಾಗಲೆಲ್ಲ ನಡುವೆ ಶೂನ್ಯ ಅಗಲದ ಬೇರ್ಪಡಕ, ಅಂದರೆ ಜಡ್‌ಡಬ್ಲ್ಯುಎನ್‌ಜೆ, ಸೇರಿಸಿ. ರ ಪೂರ್ತಿ ಇದ್ದು ಕೆಳಗೆ ಯ ಒತ್ತಿರುವ ‘ರ‍್ಯಾಂಕ್’ನಂಥ ಪದಗಳಿಗೆ ರ ಆದ ತಕ್ಷಣ ಜಡ್‌ಡಬ್ಲ್ಯುಜೆ, ಅಂದರೆ ಶೂನ್ಯ ಅಗಲದ ಜೋಡಕ, ಬೇಕು.

ದೀರ್ಘದ ಗುರುತು ಮೂಲದಲ್ಲಿ ಬೇರೆ ಚೂರು. ಕೋಷ್ಟಕದಿಂದ ಬಂದ ಎಕಾರ, ಊಕಾರದ ಕೊಂಬು, ದೀರ್ಘ ಮೂರೂ ಸೇರಿ ಒಂದೇ ‘ೋ’ ಆಗಲು ಕೊನೆಯಲ್ಲಿ ಎನ್‌ಎಫ್‌ಸಿ ಸಾಮಾನ್ಯೀಕರಣ (ಬಿಡಿ ಸಂಕೇತಗಳನ್ನು ಒಂದಾಗಿಸುವ ಯೂನಿಕೋಡ್ ಕ್ರಮ) ಓಡಿಸಿ. ಇಲ್ಲದಿದ್ದರೆ ಕಣ್ಣಿಗೆ ಒಂದೇ ಥರ ಕಂಡರೂ ಹುಡುಕಾಟದಲ್ಲಿ ತಪ್ಪಿಸಿಕೊಳ್ಳುತ್ತದೆ.

ಪೈಥಾನ್ ಬಳಸುವವರಿಗೆ: ಸಿಪಿ1252 ಎಂದು ಓದಿಸಿದರೆ 129, 141, 143, 144, 157 ಈ ಐದು ಬೈಟುಗಳಲ್ಲಿ ದೋಷ ಎಸೆದು ನಿಲ್ಲುತ್ತದೆ. ಲ್ಯಾಟಿನ್-1 ಎಂದು ಓದಿಸಿ, ಕೋಷ್ಟಕವನ್ನು ಬೈಟ್ ಸಂಖ್ಯೆಗಳಲ್ಲೇ ಬರೆದುಕೊಂಡರೆ ಈ ತಲೆನೋವಿಲ್ಲ. ಫ್ರಂಟ್‌ಪೇಜ್ ಥರದ ಪುಟ ತಯಾರಿಸುವ ತಂತ್ರಾಂಶಗಳು ಬೈಟಿನ ಬದಲು ಎಚ್‌ಟಿಎಂಎಲ್ ಎಂಟಿಟಿ ಬರೆದಿರುತ್ತವೆ, ಅವನ್ನು ಮೊದಲು ಬಿಡಿಸಿಕೊಳ್ಳಿ. 160 ಮತ್ತು 173ರ ಮೇಲೆ ಕಣ್ಣಿಡಿ, ಖಾಲಿ ಜಾಗ, ಮೃದು ಅಡ್ಡಗೆರೆ ಎಂದುಕೊಂಡು ಎಡಿಟರ್‌ಗಳು ಇವನ್ನು ನುಂಗುತ್ತವೆ. ಫಾಂಟಿನಲ್ಲಿ ಅಲ್ಲೊಂದು ಅಕ್ಷರ ಕೂತಿದ್ದರೆ ಅದು ಮಾಯ.

ಇಡೀ ಫೈಲಿನ ಮೇಲೆ ಬದಲಾವಣೆ ಓಡಿಸಲೇಬೇಡಿ. ಟ್ಯಾಗುಗಳೂ ಕನ್ನಡವಾಗಿಬಿಡುತ್ತವೆ! ಪಾರ್ಸರ್ ಹಾಕಿ, ಆ ಫಾಂಟ್ ಹೆಸರಿರುವ ಟ್ಯಾಗಿನ ಒಳಗಿನ ಪಠ್ಯವನ್ನಷ್ಟೇ ಬದಲಿಸಿ. ಇಲ್ಲವಾದರೆ ಲೇಖಕರ ಇಮೇಲ್ ವಿಳಾಸ, ಇಂಗ್ಲಿಷ್ ಉಲ್ಲೇಖ ಎಲ್ಲ ಕನ್ನಡದ ಕಲಸುಮೇಲೋಗರ.

---

ಕಡತದಕಪಾಟು:

ಹೋಸ್ಟ್ಸ್ ಉಪಾಯ ಫಲಿಸಿತು, ಪುಟಗಳು ಕಾಣುತ್ತಿವೆ. ಮೊದಲ ಇಒಟಿಯಲ್ಲಿ 12ನೇ ಬೈಟು 05, 15ನೇದು 10. ‘ಕನ್ನಡ’ ಪರೀಕ್ಷೆಯೂ ಸರಿಹೋಯಿತು. ಆದರೆ 2004ರ ಕೆಲವು ಪುಟಗಳಲ್ಲಿ ಐಇ ಮೋಡ್‌ನಲ್ಲೂ ನಡುನಡುವೆ ಒಂದೊಂದು ಇಂಗ್ಲಿಷ್ ಅಕ್ಷರ ಇಣುಕುತ್ತಿದೆ. ಎರಡೂ ಇಒಟಿ ಹಾಕಿ ನೋಡಿದೆ.

---

ಬೈಟುಬಸಪ್ಪ ಉತ್ತರ:

05 ಅಂದರೆ ಆರಿಸಿಟ್ಟ ಫಾಂಟ್. ವೆಫ್ಟ್ ಆ ಹೊತ್ತಿನಲ್ಲಿ ತೋರಿಸಿದ ಪುಟಗಳನ್ನು ಓದಿ, ಅವುಗಳಲ್ಲಿ ಬಂದ ಅಕ್ಷರಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಆಮೇಲೆ ಬರೆದ ಪುಟದಲ್ಲಿ ಅಪರೂಪದ ಚೂರು ಬಂದರೆ, ಉದಾಹರಣೆಗೆ ‘ಝ’, ‘ಞ’ ಅಥವಾ ಅಪರೂಪದ ಒತ್ತು, ಅದು ಫಾಂಟಿನಲ್ಲಿ ಇರುವುದಿಲ್ಲ, ಬ್ರೌಸರ್ ಬೇರೆ ಫಾಂಟಿನಿಂದ ಇಂಗ್ಲಿಷ್ ಅಕ್ಷರ ತಂದು ತುಂಬುತ್ತದೆ. ಆಗಿನ ಓದುಗರಿಗೂ, ಅವರ ಯಂತ್ರದಲ್ಲಿ ಆ ಫಾಂಟ್ ಹಾಕಿರದಿದ್ದರೆ, ಹೀಗೇ ಕಂಡಿರಬೇಕು.

ನಿಮ್ಮ ಪಠ್ಯಕ್ಕೆ ಏನೂ ಆಗಿಲ್ಲ, ಬೈಟು ಸರಿಯಾಗೇ ಇದೆ. ಕೋಷ್ಟಕವನ್ನು ಆ ಇಒಟಿಯಿಂದ ಮಾಡದೆ ನುಡಿಯ ಪೂರ್ಣ ಪಟ್ಟಿಯಿಂದ ಮಾಡಿ. ಪರಿವರ್ತನೆಯಾದ ಮೇಲೆ ಕೋಷ್ಟಕದಲ್ಲಿ ಸಿಗದೆ ಉಳಿದ ಬೈಟುಗಳನ್ನು ಫೈಲ್ ಹೆಸರಿನ ಸಮೇತ ಪಟ್ಟಿ ಮಾಡಿಸಿ ಇಲ್ಲಿ ಹಾಕಿ, ನೋಡೋಣ.

---

ಟ್ರೈಡೆಂಟ್_ತಾತ ಉತ್ತರ:

ಒಂದು ಸಣ್ಣ ಸೇರ್ಪಡೆ, ಹೊಸ ತಾಣಕ್ಕೆ ಸಿಎಸ್ಎಸ್ ಬರೆಯುವಾಗ ಉಪಯೋಗಕ್ಕೆ ಬರುತ್ತದೆ. ಅಂತರ್ಜಾಲದಲ್ಲಿ ಸಿಗುವ ಫಾಂಟ್-ಫೇಸ್ ಮಾದರಿಗಳಲ್ಲಿ ಇಒಟಿ ಹೆಸರಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ‘ಐಇಫಿಕ್ಸ್’ ಎಂದಿರುತ್ತದೆ. ಐಇ 6ರಿಂದ 8ರವರೆಗಿನವು ಆ ಸಾಲಿನ ಮೊದಲ ತೆರೆದ ಆವರಣದಿಂದ ಕೊನೆಯ ಮುಚ್ಚಿದ ಆವರಣದವರೆಗೂ ಒಂದೇ ವಿಳಾಸ ಎಂದುಕೊಂಡು 404 ತರುತ್ತಿದ್ದವು. ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಉಳಿದದ್ದೆಲ್ಲ ಕ್ವೆರಿ ಆಗಿಬಿಡುತ್ತದೆ ಎಂಬ ಯುಕ್ತಿ. 2011ರ ಐಇ 9ಕ್ಕೇ ವೂಫ್ ಬಂತು. ಈಗ ಆ ಸಾಲನ್ನೂ ಇಒಟಿಯನ್ನೂ ಎತ್ತಿ ಬಿಸಾಡಿ, ಯೂನಿಕೋಡ್ ಫಾಂಟಿನ ಒಂದು ವೂಫ್2 ಸಾಕು. ಆದರೆ ಆ ಫಾಂಟಿನಿಂದ ಅಕ್ಷರ ಆರಿಸಿ ಗಾತ್ರ ಇಳಿಸುವಾಗ ಜಿಸಬ್, ಜಿಪಾಸ್ (ಅಕ್ಷರ ಕೂಡಿಸುವ, ಜಾಗಕ್ಕೆ ಕೂರಿಸುವ) ಕೋಷ್ಟಕಗಳನ್ನು ಉಳಿಸಿಕೊಳ್ಳಿ, ಅವು ಹೋದರೆ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ.