ವೀಗನ್ ಆದವರು ಬಿಯರ್, ಸೈಡರ್ ಹೇಗೆ ಆರಿಸುತ್ತೀರಿ? ಅನುಭವ ಹೇಳಿ

ಹೊಸಹಾದಿ:
ಎಲ್ಲರಿಗೂ ನಮಸ್ಕಾರ. ಹಾಲು, ಮೊಟ್ಟೆ, ಜೇನು ಬಿಟ್ಟಾಯಿತು. ಅದೇನೂ ಕಷ್ಟ ಆಗಲಿಲ್ಲ. ಈಗ ಗೆಳೆಯರೊಬ್ಬರು ಬಿಯರ್ ತಿಳಿ ಮಾಡುವುದಕ್ಕೂ ಮೀನು ಬಳಸುತ್ತಾರೆ ಅಂತ ಹೇಳಿ ತಲೆಗೆ ಹುಳ ಬಿಟ್ಟಿದ್ದಾರೆ. ಸೈಡರ್ ಬರೀ ಸೇಬಿನ ರಸ ಅಲ್ವಾ, ಅದಾದರೂ ಸರಿಯೇ? ನಾನು ಮನೆಯಲ್ಲಿ ಏನೂ ಮಾಡುವವನಲ್ಲ, ಕ್ಯಾನ್ ಅಥವಾ ಬಾಟಲಿ ಕೊಳ್ಳುವವನು. ಅಂಗಡಿಯಲ್ಲಿ ನಿಂತಾಗ ಏನು ನೋಡಬೇಕು, ಅಷ್ಟು ಹೇಳಿ ಸಾಕು.

ಪತ್ರಶೂರ:
ಅಂಗಡಿಯಲ್ಲಿ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ ಸಾರ್. ಕಂಪನಿಗೇ ಬರೆದು ಕೇಳಬೇಕು. ನಾನು ಮಾಡುವುದು ಅದನ್ನೇ. ಹೇಗೆ ಆಯಿತು ಅಂತ ಹೇಳುತ್ತೇನೆ ಕೇಳಿ.

ನನಗೆ ಇಷ್ಟವಾದ ಒಂದು ಏಲ್, ಅಂದರೆ ಒಂದು ಬಗೆಯ ಬಿಯರ್, ಇತ್ತು. ಹೆಸರು ಬೇಡ. "ಇದು ವೀಗನ್ನಾ?" ಅಂತ ಬರೆದೆ. "ನಮ್ಮ ಬಿಯರಿನಲ್ಲಿ ನೀರು, ಮಾಲ್ಟ್, ಹಾಪ್ಸ್, ಯೀಸ್ಟ್ ಮಾತ್ರ" ಅಂತ ಉತ್ತರ ಬಂತು. ಸುಳ್ಳಲ್ಲ. ಆದರೆ ನಾನು ಕೇಳಿದ್ದಕ್ಕೆ ಉತ್ತರವೂ ಅಲ್ಲ. "ತಿಳಿಗೊಳಿಸಲು ಏನು ಹಾಕುತ್ತೀರಿ?" ಅಂತ ಮತ್ತೆ ಬರೆದೆ. ಸುಮ್ನಾದರು. ಮತ್ತೆ ಬರೆದೆ. ಈ ಸಲ ಗ್ಲುಟೆನ್ ಬಗ್ಗೆ ಎರಡು ಪುಟದ ಕೈಪಿಡಿ ಕಳಿಸಿದರು! ಗ್ಲುಟೆನ್ ಯಾರು ಕೇಳಿದ್ದರು? ಇನ್ನೊಂದು ಪತ್ರ. "ಸಸ್ಯಾಹಾರಿಗಳಿಗೆ ಸೂಕ್ತ" ಅಂತ ಬೇರೊಬ್ಬರ ಸಹಿಯಲ್ಲಿ ಬಂತು. ಸಸ್ಯಾಹಾರ ಅಂದರೆ ಅವರ ಲೆಕ್ಕದಲ್ಲಿ ಹಾಲು, ಜೇನು ನಡೆಯುತ್ತದೆ. ಕೊನೆಗೆ ಹಠ ಹಿಡಿದು ಬ್ರೂವರಿಯ ಒಳಗಿನವರನ್ನೇ ಹಿಡಿದೆ. ಅವರು ನೇರವಾಗಿ ಹೇಳಿದರು: ಬಾಟಲಿ ಸರಿ, ಪೀಪಾಯಿಯಲ್ಲಿ ಕಳಿಸುವುದಕ್ಕೆ ಐಸಿಂಗ್ಲಾಸ್, ಅಂದರೆ ಮೀನಿನಿಂದ ತೆಗೆದದ್ದು, ಹಾಕುತ್ತೇವೆ. ಹೆಸರು ಒಂದೇ, ಬಿಯರೂ ಒಂದೇ, ತುಂಬಿದ ಪಾತ್ರೆ ಬೇರೆ.

ಅಷ್ಟಕ್ಕೇ ಮುಗಿಯಲಿಲ್ಲ. ಆಮೇಲೆ ಅವರು ಅದನ್ನು ಬೇರೆ ಕಡೆ ತಯಾರಿಸಲು ಶುರು ಮಾಡಿದರು. ಹಳೆಯ ಉತ್ತರಕ್ಕೆ ಬೆಲೆಯೇ ಇಲ್ಲ. ಮತ್ತೆ ಮೊದಲಿಂದ ಪತ್ರ. ಈಗ ನಾನು ಒಂದು ಪಟ್ಟಿ ಇಟ್ಟಿದ್ದೇನೆ. ಉತ್ತರ ಬಂದ ತಾರೀಕು, ಬಾಟಲಿಯೋ ಕ್ಯಾನೋ ಕೆಗ್ಗೋ (ಬಾರಿನ ನಲ್ಲಿಗೆ ಜೋಡಿಸುವ ಲೋಹದ ಪೀಪಾಯಿ), ಎಲ್ಲಿ ತಯಾರಿ, ಎಲ್ಲ ಅದರಲ್ಲಿದೆ. ಬಾರ್ನಿವೋರ್ ಅನ್ನುವ ತಾಣದಲ್ಲೂ ಜನ ಇದನ್ನೇ ಮಾಡುತ್ತಾರೆ, ಕಂಪನಿಗಳು ಕೊಟ್ಟ ಉತ್ತರ ಹಾಕುತ್ತಾರೆ. ಒಳ್ಳೆಯದೇ. ಆದರೆ ವೀಗನ್ ಅಂತ ತೋರಿಸುವ ಹಸಿರು ಬಣ್ಣ ಕಂಡ ಕೂಡಲೇ ಕುಣಿಯಬೇಡಿ. ಉತ್ತರ ಯಾವ ವರ್ಷದ್ದು ಅಂತ ಮೊದಲು ನೋಡಿ.

ಮಬ್ಬೇಚೆಂದ:
ಇಷ್ಟೆಲ್ಲ ಯಾಕೆ ಗುರು? ತಿಳಿ ಮಾಡಲಿಕ್ಕೆ ತಾನೇ ಮೀನು ಬೇಕು? ತಿಳಿ ಮಾಡದೇ ಇರುವುದನ್ನು ಕುಡಿ. ಮಬ್ಬಾಗಿರುವ ಐಪಿಎ (ಹಾಪ್ಸ್ ಜಾಸ್ತಿ ಇರುವ ಏಲ್), ಗೋಧಿ ಬಿಯರ್. ನಾನು ಯಾರಿಗೂ ಪತ್ರ ಬರೆದಿಲ್ಲ, ಆರಾಮಾಗಿದ್ದೇನೆ.

ಪತ್ರಶೂರ:
ಆರಾಮಾಗಿರಿ. ಮಬ್ಬಾದ ಐಪಿಎಗಳಲ್ಲಿ ಮಿಲ್ಕ್‌ಶೇಕ್ ಐಪಿಎ ಅಂತ ಒಂದು ಬಗೆ ಇದೆ. ಅದಕ್ಕೆ ಹಾಕುವುದು ಲ್ಯಾಕ್ಟೋಸ್, ಹಾಲಿನ ಸಕ್ಕರೆ. ಯೀಸ್ಟ್ ಅದನ್ನು ತಿನ್ನುವುದಿಲ್ಲ, ಹಾಗಾಗಿ ಸಿಹಿಯಾಗಿ ಗ್ಲಾಸಿನಲ್ಲೇ ಉಳಿಯುತ್ತದೆ. ಐಸಿಂಗ್ಲಾಸ್ ಆದರೂ ಬಹುಪಾಲು ತಳಕ್ಕೆ ಇಳಿಯುತ್ತದೆ. ನೀವು ಪೂರ್ತಿ ಹಾಲನ್ನೇ ಕುಡಿದಿದ್ದೀರಿ.

ಮಬ್ಬೇಚೆಂದ:
ನಾನು ಅದನ್ನು ಕುಡಿದೆ ಅಂತ ನಿಮಗೆ ಯಾರು ಹೇಳಿದರು?

ಪೀಪಾಯಿಮೋಹಿ:
ಮಬ್ಬು ಚೆಂದ ಅನ್ನುವವರಿಗೆ ಪೀಪಾಯಿಯ ಏಲ್ ಅಂದರೆ ಏನು ಅಂತಲೇ ಗೊತ್ತಿಲ್ಲ. ನಾನು ಅದನ್ನು ಬಿಟ್ಟವನು. ಇನ್ನೂ ಹೊಟ್ಟೆ ಉರಿಯುತ್ತದೆ.

ಬ್ರಿಟನ್ನಿನ ಕಾಸ್ಕ್ ಏಲ್‌ನಲ್ಲಿ, ಅಂದರೆ ಪೀಪಾಯಿಯ ಏಲ್‌ನಲ್ಲಿ, ಯೀಸ್ಟ್ ಜೀವಂತ ಇರುತ್ತದೆ. ಸೋಸುವುದಿಲ್ಲ, ಕಾಯಿಸುವುದಿಲ್ಲ. ಪೀಪಾಯಿಯಲ್ಲೇ ಎರಡನೇ ಸಲ ಹುದುಗುತ್ತದೆ. ಪಬ್ಬಿನ ನೆಲಮಾಳಿಗೆಗೆ ಬಂದ ಮೇಲೆ ಒಂದೆರಡು ದಿನದಲ್ಲಿ ತಿಳಿಯಾಗಬೇಕು, ಇಲ್ಲದಿದ್ದರೆ ಗಿರಾಕಿ ಗ್ಲಾಸು ವಾಪಸ್ ಕೊಡುತ್ತಾನೆ. ಅದಕ್ಕೇ ಐಸಿಂಗ್ಲಾಸ್. ಮೀನಿನ ಗಾಳಿಚೀಲವನ್ನು ಒಣಗಿಸಿ ತೆಗೆದ ಕೊಲ್ಯಾಜೆನ್. ಅದಕ್ಕೆ ಧನ ವಿದ್ಯುದಂಶ, ಯೀಸ್ಟಿಗೆ ಋಣ. ಎರಡೂ ಅಂಟಿಕೊಂಡು ಮುದ್ದೆಯಾಗಿ ತಳಕ್ಕೆ ಇಳಿಯುತ್ತವೆ. ಪೀಪಾಯಿ ಅಲುಗಾಡಿ ಕದಡಿದರೂ ಮತ್ತೆ ಇಳಿಯುತ್ತದೆ, ಅದು ಅದರ ದೊಡ್ಡ ಗುಣ. ಬಿಸಿ ತಾಗಿದರೆ ಮಾತ್ರ ಕೆಡುತ್ತದೆ. ಮೊದಲೆಲ್ಲ ರಷ್ಯಾದ ಸ್ಟರ್ಜನ್ ಮೀನಿಂದ ಬರುತ್ತಿತ್ತು, ಭಾರೀ ದುಬಾರಿ. 1795ರಲ್ಲಿ ವಿಲಿಯಂ ಮರ್ಡಾಕ್ ಅದರ ಬದಲು ಕಾಡ್ ಮೀನಿಂದ ತೆಗೆಯುವುದನ್ನು ಕಂಡುಹಿಡಿದ. ಹಬೆ ಎಂಜಿನ್ ಕೆಲಸದಲ್ಲಿ ಹೆಸರು ಮಾಡಿದ ಅದೇ ಮರ್ಡಾಕ್.

ಈಗ ಕೆಲವರು ಫೈನಿಂಗ್ಸ್ (ತಿಳಿ ಮಾಡುವ ವಸ್ತು) ಹಾಕದೆ ಪೀಪಾಯಿ ಕಳಿಸುತ್ತಾರೆ. ಕುಡಿದಿದ್ದೇನೆ. ಕೆಲವು ಸೊಗಸಾಗಿವೆ. ಕೆಲವು ಯೀಸ್ಟ್ ಕುಡಿದ ಹಾಗೆ ಇವೆ. ಬಾರಿನವರನ್ನು ಕೇಳಿದರೆ ಮುಖ ಮುಖ ನೋಡುತ್ತಾರೆ. ಒಬ್ಬನಂತೂ "ಬಿಯರಿನಲ್ಲಿ ಮೀನಾ?" ಅಂತ ಜೋರಾಗಿ ನಕ್ಕು ಅಕ್ಕಪಕ್ಕದವರಿಗೆಲ್ಲ ಹೇಳಿದ. ಪೀಪಾಯಿಯ ಪಕ್ಕದಲ್ಲೇ ನಿಂತುಕೊಂಡು!

ಸೇಬುರಸಿಕ:
ಸೈಡರ್ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ. ಬರೀ ಸೇಬಿನ ರಸ ಅಂದುಕೊಳ್ಳಬೇಡಿ. ಸೈಡರಿಗೆ ಜೆಲಟಿನ್ ಹಾಕುವುದು ಹಳೆಯ ರೂಢಿ. ದನದ, ಹಂದಿಯ ಚರ್ಮ, ಮೂಳೆ ಬೇಯಿಸಿ ತೆಗೆದದ್ದು. ಅದು ಸೇಬಿನ ಟ್ಯಾನಿನ್ ಹಿಡಿದುಕೊಂಡು ಕೆಳಗೆ ಇಳಿಯುತ್ತದೆ. ಇನ್ನು ಕೆಂಪು ಹಣ್ಣಿನ ಸೈಡರುಗಳಲ್ಲಿ ಕೆಲವಕ್ಕೆ ಕಾರ್ಮೈನ್ ಬಣ್ಣ, ಇ120. ಕೊಚಿನೀಲ್ ಅನ್ನುವ ಹುಳುವನ್ನು ಒಣಗಿಸಿ ಅರೆದದ್ದು.

ಇದೆಲ್ಲ ಬೇಡ ಅಂತ ನಾನೇ ಮಾಡಲು ಇಳಿದೆ. ಗಾಜಿನ ದೊಡ್ಡ ಜಾಡಿಗಳು, ಸೈಫನ್ ಕೊಳವೆ, ಎಲ್ಲ ತಂದೆ. ಮೊದಲನೇ ರಸ ಪಾಶ್ಚರೀಕರಿಸಲು ಕಾಯಿಸಿದ್ದಕ್ಕೆ ಪೆಕ್ಟಿನ್ ಕದಡಿ ನಿಂತಿತು. ಆ ಮಬ್ಬು ಜನ್ಮಕ್ಕೆ ಇಳಿಯುವುದಿಲ್ಲ. ಪೆಕ್ಟಿನೇಸ್ ಕಿಣ್ವ ಹಾಕಬೇಕು, ಅದೂ ಹುದುಗುವ ಮೊದಲೇ ಹಾಕಿದರೆ ಒಳ್ಳೆಯದು. ಅದು ಶಿಲೀಂಧ್ರದಿಂದ ಬರುವುದು, ನಮಗೆ ತೊಂದರೆ ಇಲ್ಲ. ಮುಂದಿನ ಜಾಡಿಗೆ ಬೆಂಟೊನೈಟ್ ಹಾಕಿದೆ, ಜೇಡಿಮಣ್ಣು. ಪೊಟ್ಟಣದ ಮೇಲೆ "ನೀರಿನಲ್ಲಿ ಕಲಸಿ" ಅಂತ ಇತ್ತು, ಅಷ್ಟೇ. ಬಿಸಿನೀರಿನಲ್ಲಿ ಗಂಟೆಗಟ್ಟಲೆ ನೆನೆಸಬೇಕು ಅಂತ ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಗಂಟು ಗಂಟಾಗಿ ತಳಕ್ಕೆ ಬಿತ್ತು. ಸರಿಯಾಗಿ ನೆನೆಸಿದಾಗ ಸೈಡರ್ ತಿಳಿಯಾಯಿತು, ಆದರೆ ತಳದಲ್ಲಿ ಹತ್ತಿಯಂಥ ಗಸಿ. ಜೆಲಟಿನ್ನಿನ ಗಸಿ ಗಟ್ಟಿಯಾಗಿ ಕೂರುತ್ತದೆ, ಇದು ಕೂರುವುದಿಲ್ಲ. ಕೊಳವೆ ತುಸು ಕೆಳಗೆ ಹೋದರೆ ಎಲ್ಲ ಕದಡುತ್ತದೆ. ಒಂದೊಂದು ಜಾಡಿಯಲ್ಲೂ ಎಷ್ಟು ಸೈಡರ್ ಚೆಲ್ಲಿದ್ದೇನೆ ಅಂತ ನೆನೆದರೆ ಸಂಕಟ ಆಗುತ್ತದೆ. ಗಸಿಯಿಂದ ಬೇರೆ ಮಾಡಲು ಪದೇ ಪದೇ ಜಾಡಿ ಬದಲಿಸಿದೆ, ಗಾಳಿ ತಾಗಿ ಒಂದು ಪೂರ್ತಿ ವಿನಿಗರ್ ಆಯಿತು. ಸುರಿಯಲೂ ಮನಸ್ಸಾಗದೆ ಇಟ್ಟುಕೊಂಡಿದ್ದೇನೆ.

ಆಮೇಲೆ ಎರಡು ಪೊಟ್ಟಣದ ಕಿಟ್ ತಂದೆ. ಒಂದರಲ್ಲಿ ಕೀಸೆಲ್‌ಸೋಲ್, ಅಂದರೆ ಸಿಲಿಕಾ. ಇನ್ನೊಂದು ಕೈಟೊಸಾನ್. "ಜೆಲಟಿನ್ ರಹಿತ" ಅಂತ ದೊಡ್ಡದಾಗಿ ಬರೆದಿತ್ತು. ಕೈಟೊಸಾನ್ ಏಡಿ, ಸೀಗಡಿ ಚಿಪ್ಪಿನಿಂದ ಬಂದದ್ದು! ಶಿಲೀಂಧ್ರದಿಂದ ತೆಗೆದ ಕೈಟೊಸಾನೂ ಇದೆ, ಆ ಪೊಟ್ಟಣದ್ದು ಅದಲ್ಲ. ಮಾರಿದವರನ್ನು ಕೇಳಿದರೆ "ಜೆಲಟಿನ್ ಇಲ್ಲ ಅಂತ ತಾನೇ ಹೇಳಿದ್ದು" ಅಂದರು.

ಈಗ ಏನೂ ಹಾಕುವುದಿಲ್ಲ. ತಣ್ಣಗೆ ಇಟ್ಟು ತಿಂಗಳುಗಟ್ಟಲೆ ಕಾಯುತ್ತೇನೆ. ಕನ್ನಡಿಯಂತೆ ತಿಳಿಯಾಗುತ್ತದೆ. ಅಂಗಡಿಯದ್ದು ಇದರ ಹತ್ತಿರ ಬರುವುದಿಲ್ಲ.

ಅಂಟಿನಶಂಕೆ:
ಎಲ್ಲರೂ ಒಳಗಿನದ್ದೇ ಮಾತಾಡುತ್ತಿದ್ದೀರಿ. ಬಾಟಲಿ ಮೇಲಿನ ಲೇಬಲ್? ಗಾಜಿನ ಬಿಯರ್ ಬಾಟಲಿಗೆ ಕೇಸೀನ್ ಅಂಟು ಬಳಸುವುದುಂಟು. ಕೇಸೀನ್ ಅಂದರೆ ಹಾಲಿನ ಪ್ರೋಟೀನ್. ಐಸ್ ನೀರಿನಲ್ಲಿ ಇಟ್ಟರೂ ಲೇಬಲ್ ಕಿತ್ತು ಬರುವುದಿಲ್ಲ, ಕಾಸ್ಟಿಕ್ ಸೋಡಾದಲ್ಲಿ ತೊಳೆದರೆ ಬಿಡುತ್ತದೆ, ಅದಕ್ಕೇ ಅವರಿಗೆ ಇಷ್ಟ. ಸೈಡರಿಗೆ ಹಾಕುವ ಕಬ್ಬಿನ ಸಕ್ಕರೆಯನ್ನು ಕೆಲವು ಕಾರ್ಖಾನೆಗಳಲ್ಲಿ ಮೂಳೆಯ ಇದ್ದಿಲಿನಲ್ಲಿ ಸೋಸುತ್ತಾರೆ. ಸೇಬುರಸಿಕರೇ, ಬಾಟಲಿಗೆ ತುಂಬುವಾಗ ನೀವು ಹಾಕುವ ಸಕ್ಕರೆ ಯಾವುದು?

ಸೇಬುರಸಿಕ:
ಬೀಟ್ ಸಕ್ಕರೆ. ಅದಕ್ಕೆ ಮೂಳೆ ಇದ್ದಿಲು ಬೇಕಿಲ್ಲ. ಇನ್ನೇನಾದರೂ ತಪಾಸಣೆ ಇದೆಯಾ?

ಮಬ್ಬೇಚೆಂದ:
ಲೇಬಲ್ ನೆಕ್ಕುವ ಅಭ್ಯಾಸ ಇದ್ದವರು ಚಿಂತೆ ಮಾಡಲಿ. ಇಂಥವರಿಂದಲೇ ಜನ ನಮ್ಮನ್ನು ಕಂಡರೆ ಓಡುವುದು.

ಅಂಟಿನಶಂಕೆ:
ಲ್ಯಾಕ್ಟೋಸ್ ಕುಡಿದವರಿಂದ ಪಾಠ ಬೇಡ.

ತೊಟ್ಟಿಹತ್ತಿರದವ:
ನಾನು ಬ್ರೂವರಿಯಲ್ಲಿ ಕೆಲಸ ಮಾಡುವವನು, ವೀಗನ್ ಕೂಡ. ಜಗಳದ ಮಧ್ಯೆ ಕೆಲವು ಮಾತು.

ತಿಳಿಗೊಳಿಸಲು ಹಾಕಿದ್ದು ಲೇಬಲ್ ಮೇಲೆ ಯಾಕೆ ಇರುವುದಿಲ್ಲ ಅಂದರೆ, ಬರೆಯಬೇಕು ಅಂತ ಕಾನೂನೇ ಕೇಳುವುದಿಲ್ಲ. ಯುರೋಪಿಯನ್ ಒಕ್ಕೂಟದ 2011ರ ಆಹಾರ ಮಾಹಿತಿ ನಿಯಮದಲ್ಲಿ ಆಲ್ಕೋಹಾಲ್ 1.2 ಶೇಕಡಕ್ಕಿಂತ ಜಾಸ್ತಿ ಇರುವ ಪಾನೀಯಕ್ಕೆ ಪದಾರ್ಥಗಳ ಪಟ್ಟಿಯಿಂದ ವಿನಾಯಿತಿ ಇದೆ. ಅಲರ್ಜಿ ತರುವವನ್ನು ಮಾತ್ರ ಹೇಳಬೇಕು. ಮೀನು ಆ ಪಟ್ಟಿಯಲ್ಲಿದೆ. ಆದರೆ ಬಿಯರ್, ವೈನ್ ತಿಳಿಗೊಳಿಸಲು ಬಳಸಿದ ಐಸಿಂಗ್ಲಾಸ್ ಮತ್ತು ಮೀನಿನ ಜೆಲಟಿನ್ನಿಗೆ ಅಲ್ಲೇ ಮತ್ತೊಂದು ವಿನಾಯಿತಿ. ಹಾಲು ಆ ಪಟ್ಟಿಯಲ್ಲೇ ಬರುವುದರಿಂದ ಲ್ಯಾಕ್ಟೋಸ್ ಇದ್ದರೆ "ಹಾಲು" ಅಂತ ಕಾಣಿಸುತ್ತದೆ. ಜೇನು, ಕಾರ್ಮೈನ್ ಎರಡೂ ಅಲ್ಲಿಲ್ಲ. 2023ರ ಡಿಸೆಂಬರಿನಿಂದ ವೈನಿಗೆ ಪಟ್ಟಿ ಕಡ್ಡಾಯ ಆಗಿದೆ, ಬಿಯರಿಗೆ ಆ ನಿಯಮ ಬರಲಿಲ್ಲ.

ಎಲ್ಲ ತಿಳಿ ಬಿಯರಿನಲ್ಲೂ ಮೀನು ಇರುವುದಿಲ್ಲ. ನಾವು ಕುದಿಯುವ ಹಂಡೆಗೆ ಕೊನೆಯ ಹತ್ತು ಹದಿನೈದು ನಿಮಿಷದಲ್ಲಿ ಐರಿಶ್ ಮಾಸ್ ಹಾಕುತ್ತೇವೆ. ಕಡಲ ಪಾಚಿ, ಪ್ರೋಟೀನ್ ತೆಗೆಯುತ್ತದೆ. ಆಮೇಲೆ ಸೆಂಟ್ರಿಫ್ಯೂಜ್, ಸಿಲಿಕಾ, ಪಿವಿಪಿಪಿ ಅನ್ನುವ ಪುಡಿ, ಫಿಲ್ಟರ್. ಕ್ಯಾನಿನಲ್ಲಿ ಬರುವ ಲಾಗರ್ (ತಣ್ಣಗೆ ಹುದುಗಿಸಿದ ಬಿಯರ್) ಬಹುತೇಕ ಹೀಗೇ ತಿಳಿಯಾಗುವುದು. ಜರ್ಮನಿಯ ಬಿಯರುಗಳಲ್ಲಿ ಐಸಿಂಗ್ಲಾಸ್ ರೂಢಿಯಲ್ಲೇ ಇಲ್ಲ, 1516ರ ಬವೇರಿಯಾದ ಶುದ್ಧತೆಯ ಕಟ್ಟಳೆಯ ನೆರಳು ಇನ್ನೂ ಇದೆ. ದೊಡ್ಡ ಕಂಪನಿಯೂ ಬದಲಾಗುತ್ತದೆ. ಗಿನ್ನೆಸ್ 2015ರ ನವೆಂಬರಿನಲ್ಲಿ ಐಸಿಂಗ್ಲಾಸ್ ಬಿಡುತ್ತೇವೆ ಅಂತ ಪ್ರಕಟಿಸಿತು. ಹೊಸ ಸೋಸುವ ವ್ಯವಸ್ಥೆ ಬಂತು. ಮೊದಲು ಕೆಗ್, ಆಮೇಲೆ ಬಾಟಲಿ, ಕ್ಯಾನ್. ನಡುವಿನ ಕಾಲದಲ್ಲಿ ಅದೇ ಗಿನ್ನೆಸ್ ನಲ್ಲಿಯಿಂದ ಬಂದರೆ ಸರಿ, ಕ್ಯಾನಿನಲ್ಲಿ ಬಂದರೆ ಅಲ್ಲ. ಪತ್ರಶೂರರು ಪಾತ್ರೆ ಕೇಳುವುದು ಸರಿಯೇ.

ಇನ್ನು ಲೇಬಲ್ ಅಂಟು. 1944ರಲ್ಲಿ ಶುರುವಾದ ವೀಗನ್ ಸೊಸೈಟಿಯ ವ್ಯಾಖ್ಯೆಯೇ "ಸಾಧ್ಯವಾದಷ್ಟು, ಆಚರಿಸಲು ಆಗುವಷ್ಟು" ಅನ್ನುತ್ತದೆ. ಅಂಟಿನ ಡಬ್ಬಿಯ ಹಿಂದೆ ಹೋಗಿ ಯಾರೂ ಬದುಕಲು ಆಗುವುದಿಲ್ಲ.

ಅಂಟಿನಶಂಕೆ:
ಕ್ಯಾನ್ ತಗೊಂಡರೆ ಅಂಟೇ ಇಲ್ಲ. ಅದು ಆಚರಿಸಲು ಆಗುವುದಿಲ್ಲವಾ? ನಿಮ್ಮ ಪಿವಿಪಿಪಿ ಪ್ಲಾಸ್ಟಿಕ್ ಅನ್ನುವುದನ್ನು ಮಾತ್ರ ನುಂಗಿಕೊಂಡಿರಿ.

ತೊಟ್ಟಿಹತ್ತಿರದವ:
ನುಂಗಿಲ್ಲ. ಪ್ಲಾಸ್ಟಿಕ್ ಪುಡಿಯೇ. ಬಿಯರಿನಲ್ಲಿ ಕರಗುವುದಿಲ್ಲ, ಪಾಲಿಫಿನಾಲ್ ಹಿಡಿದುಕೊಂಡು ಫಿಲ್ಟರಿನಲ್ಲಿ ನಿಲ್ಲುತ್ತದೆ. ದೊಡ್ಡ ಬ್ರೂವರಿಗಳಲ್ಲಿ ಕಾಸ್ಟಿಕ್‌ನಿಂದ ತೊಳೆದು ಮತ್ತೆ ಬಳಸುತ್ತಾರೆ.

ಪೀಪಾಯಿಮೋಹಿ:
ಇದಕ್ಕೇ ನನಗೆ ಸಿಟ್ಟು ಬರುವುದು. ಮೀನು ಬಿಟ್ಟು ಪ್ಲಾಸ್ಟಿಕ್ಕಿಗೆ ಬಂದೆವು. ಬಿಯರ್ ಸುಮ್ನೆ ಎರಡು ದಿನ ಜಾಸ್ತಿ ಕೂತರೆ ಯಾರ ಮನೆ ಹಾಳಾಗುತ್ತದೆ?

ತೊಟ್ಟಿಹತ್ತಿರದವ:
ಎರಡು ದಿನ ಅಲ್ಲ ಸಾರ್, ವಾರಗಟ್ಟಲೆ. ಅಷ್ಟು ದಿನ ತೊಟ್ಟಿ ಕಟ್ಟಿಹಾಕಿದರೆ ಮುಂದಿನ ಬ್ಯಾಚ್ ಎಲ್ಲಿ ಇಡುವುದು? ನಿಮ್ಮ ಬಾತ್‌ರೂಮಿನಲ್ಲಾ?

ಹೊಸಹಾದಿ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಅಂಗಡಿಯಲ್ಲಿ ಏನು ನೋಡಬೇಕು ಅನ್ನುವುದು ಇನ್ನೂ ಗೊತ್ತಾಗಲಿಲ್ಲ.

ತೊಟ್ಟಿಹತ್ತಿರದವ:
ವೀಗನ್ ಸೊಸೈಟಿಯ ಸೂರ್ಯಕಾಂತಿ ಗುರುತು ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಹಳದಿ ವಿ-ಲೇಬಲ್ ಇದ್ದರೆ ಅದರ ಕೆಳಗಿನ ಅಕ್ಷರ ಓದಿ. ಅದರಲ್ಲಿ ವೀಗನ್, ವೆಜಿಟೇರಿಯನ್ ಎರಡೂ ಇವೆ. ಗುರುತು ಇಲ್ಲದಿದ್ದರೆ ಜರ್ಮನಿಯ ಸಾದಾ ಲಾಗರ್. ಸೈಡರಿನಲ್ಲಿ ಗುರುತು ಇಲ್ಲದ ಕೆಂಪು ಬಣ್ಣದ್ದು ಬೇಡ. ಸ್ಟೌಟ್ ಅನ್ನುವ ಕಪ್ಪು ಬಿಯರಿನಲ್ಲಿ "ಮಿಲ್ಕ್" ಅಥವಾ "ಆಯ್ಸ್ಟರ್" (ಸಿಂಪಿ) ಅಂತ ಇದ್ದರೆ ಅಲ್ಲೇ ಇಡಿ.

ಪತ್ರಶೂರ:
"ಜರ್ಮನಿಯ" ಅಂದರೆ ಅಲ್ಲೇ ತಯಾರಾದದ್ದು ಅಂತ ಸೇರಿಸಿ. ಜರ್ಮನ್ ಹೆಸರಿನ ಬಿಯರ್ ಬೇರೆ ದೇಶದಲ್ಲಿ ಪರವಾನಗಿ ಪಡೆದು ತಯಾರಾಗುತ್ತದೆ. ಒಂದಕ್ಕೆ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

ಸೇಬುರಸಿಕ:
ಕೆಂಪು ಸೈಡರ್ ಎಲ್ಲ ಹುಳುವಿನದ್ದಲ್ಲ ಮಾರಾಯ್ರೆ. ಕಪ್ಪು ಕ್ಯಾರೆಟ್, ಎಲ್ಡರ್‌ಬೆರಿ ರಸದಿಂದಲೂ ಆ ಬಣ್ಣ ಬರುತ್ತದೆ. ಸೈಡರ್ ಅಂದ ಕೂಡಲೇ ಬಿಯರಿನವರಿಗೆ ಒಂದು ತಾತ್ಸಾರ, ಬೇಡ ಅಂದರೆ ಮುಗಿಯಿತು.

ತೊಟ್ಟಿಹತ್ತಿರದವ:
ಗುರುತು ಇಲ್ಲದ್ದು ಅಂತಲೇ ಬರೆದಿದ್ದೇನೆ. ಓದಿ.

ಸೇಬುರಸಿಕ:
ಓದಿಯೇ ಬರೆದೆ.